ಮೂರು ತೂತಿನ ಗ್ಯಾಸ್ಕೆಟ್: ಗಾಡಿ ಹೀಟ್ ಆದಾಗ ‘ಹೆಡ್ ಹೋಗೇತ್ರಿ’ ಅಂದರೆ ಹೂಂ ಅನ್ನಬೇಡಿ

ವಿಜಯಪುರ, ಜಮಖಂಡಿ, ಮುಧೋಳ, ಬಾಗಲಕೋಟೆ ಕಡೆಯವರು ದಯವಿಟ್ಟು ಪೂರ್ತಿ ಓದಿ. ಗಾಡಿ ಹೀಟ್ ಆಗ್ತಿದೆ ಅಂತ ಗ್ಯಾರೇಜಿಗೆ ಹೋದಾಗ, ಬಾನೆಟ್ ಎತ್ತಿ ಎರಡೇ ನಿಮಿಷಕ್ಕೆ ‘ಹೆಡ್ ಗ್ಯಾಸ್ಕೆಟ್ ಹೋಗೇತ್ರಿ’ (ಇಂಜಿನ್ನಿನ ಮೇಲ್ಭಾಗದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಅಂದರೆ ಅಲ್ಲೇ ಕೀಲಿ ವಾಪಸ್ ಇಸ್ಕೊಳ್ಳಿ. ನಾನು ಇಸ್ಕೊಳ್ಳಲಿಲ್ಲ. 18,500 ರೂಪಾಯಿ ಎಣಿಸಿ ಕೊಟ್ಟೆ. ಕೆಟ್ಟಿದ್ದದ್ದು 250 ರೂಪಾಯಿಯ ಒಂದು ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡೋ ಸಣ್ಣ ಸ್ವಿಚ್ಚು.

ಗಾಡಿ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ನಾಲ್ಕು ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಲಕ್ಷಣ ಏನಿತ್ತು ಅಂದರೆ, ಜಮಖಂಡಿ ದಾಟಿ ಮುಧೋಳದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿದ್ದು ಎರಡನೇ ಗೇರಿನಲ್ಲಿ ತೆವಳಿದರೆ ಟೆಂಪರೇಚರ್ ಮುಳ್ಳು ಏರ್ತಿತ್ತು. ರೋಡ್ ಖುಲ್ಲಾ ಆಗಿ 70-80ಕ್ಕೆ ಬಂದರೆ ಐದು ನಿಮಿಷದಲ್ಲಿ ತಾನೇ ಇಳೀತಿತ್ತು. ನಿಂತಾಗ ಎಸಿ ಬಿಸಿ ಗಾಳಿ ಬಿಡ್ತಿತ್ತು, ಓಡುವಾಗ ತಣ್ಣಗೆ. ಕೂಲಂಟ್ (ಇಂಜಿನ್ ತಣಿಸೋ ದ್ರವ) ಅದರ ಟ್ಯಾಂಕಿನಲ್ಲಿ ಒಂದು ಗೆರೆಯೂ ಇಳಿದಿರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ. ಇಷ್ಟನ್ನೂ ಇದೇ ಮಾತಿನಲ್ಲಿ ಗ್ಯಾರೇಜಿನವನಿಗೆ ಹೇಳಿದ್ದೆ.

ಗಾಡಿ ಕೆಲಸ ಗೊತ್ತಿದ್ದವರಿಗೆ ಇಷ್ಟರಲ್ಲೇ ಉತ್ತರ ಇದೆ. ನಿಂತಾಗ, ನಿಧಾನ ಹೋಗುವಾಗ ಹೀಟ್ ಆಗಿ ವೇಗದಲ್ಲಿ ತಣ್ಣಗಾದರೆ ಅದು ಗಾಳಿಯ ಸಮಸ್ಯೆ. ವೇಗದಲ್ಲಿ ಎದುರುಗಾಳಿಯೇ ರೇಡಿಯೇಟರ್ ತಣಿಸ್ತದೆ, ನಿಂತಾಗ ಆ ಕೆಲಸ ಫ್ಯಾನಿನದು. ಎಸಿ ಕಂಡೆನ್ಸರಿಗೂ ಅದೇ ಫ್ಯಾನು, ಅದಕ್ಕೇ ನಿಂತಾಗ ಎಸಿ ಸಾಯ್ತದೆ. ಉಲ್ಟಾ ಆದರೆ, ಅಂದರೆ ಊರೊಳಗೆ ಸರಿಯಿದ್ದು ಹೈವೇಯಲ್ಲಿ, ಏರಿನಲ್ಲಿ ಹೀಟ್ ಆದರೆ, ಅದು ನೀರು ಹರಿಯೋದರ ಸಮಸ್ಯೆ: ರೇಡಿಯೇಟರ್ ಒಳಗೆ ಗಸಿ ಕಟ್ಟಿರಬೇಕು, ಥರ್ಮೋಸ್ಟ್ಯಾಟ್ (ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡೋ ವಾಲ್ವ್) ಪೂರ್ತಿ ತೆರೀತಿಲ್ಲ, ಇಲ್ಲವೇ ವಾಟರ್ ಪಂಪಿನಲ್ಲಿ ನೀರು ತಳ್ಳೋ ಚಕ್ರ (ಇಂಪೆಲ್ಲರ್) ಸವೆದಿದೆ. ಗ್ಯಾಸ್ಕೆಟ್ ಹೋದ ಗಾಡಿ ಬೇರೆ ಥರಾನೇ ಇರ್ತದೆ. ಮುಂಜಾನೆ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗ್ತದೆ, ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲೋದೇ ಇಲ್ಲ, ಸೋರಿಕೆ ಕಾಣದೆಯೇ ಕೂಲಂಟ್ ಕಡಿಮೆಯಾಗ್ತಾ ಹೋಗ್ತದೆ. ಕೆಲವು ಸಲ ಆಯಿಲ್ ಮುಚ್ಚಳದ ಒಳಗೆ ಚಹಾದ ಮೇಲಿನ ಕೆನೆಯಂಥದ್ದು. (ಚಳಿಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಅಷ್ಟೇ ಓಡೋ ಗಾಡಿಗೂ ತೇವಾಂಶದಿಂದ ಅಂಥ ಕೆನೆ ಬರ್ತದೆ. ಅದೊಂದನ್ನೇ ತೋರಿಸಿ ಹೆದರಿಸಿದರೆ ನಂಬಬೇಡಿ.)

ನನ್ನ ಗಾಡಿಯಲ್ಲಿ ಇವು ಯಾವುವೂ ಇರಲಿಲ್ಲ. ಯಾವುವೂ.

“ಹಿಂಗ ಓಡಿಸಿದ್ರ ಇಂಜಿನ್ ಸೀಜ್ ಆಕ್ಕೈತ್ರಿ ಸರ. ಆಮ್ಯಾಲ ಲಕ್ಷದ ಮಾತು” ಅಂದ ಗ್ಯಾರೇಜಿನವನು. ಫ್ಯಾನ್ ನೋಡಿದ್ರೇನ್ರಿ ಅಂತ ಕೇಳಿದೆ. “ಫ್ಯಾನ್ ಎಲ್ಲಾ ಓಕೆ ಐತ್ರಿ. ಇಪ್ಪತ್ ವರ್ಷ ಆತು ಇದ ಕೆಲಸ ಮಾಡಾಕತ್ತಿ.” ಮನೆಯಲ್ಲಿ ಮದುವೆ ಇತ್ತು, ಗಾಡಿ ಬೇಕೇ ಬೇಕಿತ್ತು, ಹೂಂ ಅಂದುಬಿಟ್ಟೆ. ಎಸಿ ಹಾಕಿ ಫ್ಯಾನ್ ತಿರುಗ್ತದೋ ಇಲ್ಲೋ ನೋಡೋಕೆ ಅರ್ಧ ನಿಮಿಷ ಸಾಕು. ನಾನೂ ನೋಡಲಿಲ್ಲ. ಈ ಕೆಲಸ ಗೊತ್ತಿದ್ದೂ ನೋಡಲಿಲ್ಲ ಅನ್ನೋದೇ ನಾಚಿಕೆ.

ಹೆಡ್ ಇಳಿಸೋ ಮೊದಲು ಮಾಡಲೇಬೇಕಾದ ಪರೀಕ್ಷೆ ಮೂರಿವೆ. ಮೊದಲನೆಯದು ಪ್ರೆಶರ್ ಟೆಸ್ಟ್. ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಕೈಪಂಪು ಕೂರಿಸಿ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡಬೇಕು, ಸಾಮಾನ್ಯವಾಗಿ 0.9 ಅಥವಾ 1.1 ಬಾರ್. ಹತ್ತು ಹದಿನೈದು ನಿಮಿಷ ಮುಳ್ಳು ಅಲ್ಲೇ ನಿಂತರೆ ಸೋರಿಕೆ ಇಲ್ಲ. ಎರಡನೆಯದು ನೀಲಿ ದ್ರವದ ಟೆಸ್ಟ್. ಬಿಸಿ ಇಂಜಿನ್ ಚಾಲೂ ಇಟ್ಟು, ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರವದೊಳಗೆ ಎಳೀತಾರೆ. ಸಿಲಿಂಡರಿನ ಹೊಗೆ ಕೂಲಂಟಿಗೆ ಬರ್ತಿದ್ದರೆ ಪೆಟ್ರೋಲ್ ಗಾಡಿಗೆ ನೀಲಿ ಹೋಗಿ ಹಳದಿ ಆಗ್ತದೆ. ಮೂರನೆಯದು ಕಂಪ್ರೆಶನ್, ಅಂದರೆ ಒಂದೊಂದು ಸಿಲಿಂಡರಿನೊಳಗಿನ ಒತ್ತಡ ಅಳೆಯೋದು. ಅಕ್ಕಪಕ್ಕದ ಎರಡೂ ಸಿಲಿಂಡರಿನಲ್ಲಿ ಒತ್ತಡ ಬಿದ್ದಿದ್ದರೆ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನ. ಮೂರನ್ನೂ ಮಾಡಿದರೂ ಒಂದು ತಾಸಿನ ಕೆಲಸ. ಅಲ್ಲಿ ಒಂದನ್ನೂ ಮಾಡಲಿಲ್ಲ. ಒಂದನ್ನೂ ಮಾಡದೆ ನಾಲ್ಕು ದಿನ ಗಾಡಿ ಇಟ್ಟುಕೊಂಡರು.

ಬಿಲ್ಲು ಹೀಗಿತ್ತು, ಕೈಬರಹದ ಚೀಟಿ: ಗ್ಯಾಸ್ಕೆಟ್ ಸೆಟ್ 3,800. ಹೆಡ್ ಫೇಸಿಂಗ್ (ಡೊಂಕಾದ ಹೆಡ್ಡಿನ ಅಡಿಯನ್ನು ಸಪಾಟು ಮಾಡೋದು) 2,200. ಆಯಿಲ್ ಮತ್ತು ಫಿಲ್ಟರ್ 2,600. ಕೂಲಂಟ್ 5 ಲೀಟರ್ 1,900. ಕೂಲಿ 8,000. ಹಳೇ ಗ್ಯಾಸ್ಕೆಟ್ ಕೊಡ್ರಿ ಅಂದೆ. ಹುಡುಗ ಒಳಗಿನಿಂದ ಮಸಿ ಹಿಡಿದ ಗ್ಯಾಸ್ಕೆಟ್ ತಂದು ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟ. ಬಿಚ್ಚಿ ನೋಡಲಿಲ್ಲ.

ಐದನೇ ದಿನ ಅದೇ ರೋಡು, ಅದೇ ಕಬ್ಬಿನ ಟ್ರ್ಯಾಕ್ಟರು, ಮತ್ತೆ ಮುಳ್ಳು ಕೆಂಪಿಗೆ. ಬದಿಗೆ ಹಾಕಿ ನಿಲ್ಲಿಸಿದೆ. ಮುಕ್ಕಾಲು ತಾಸು ತಣಿಸಿ, ಮತ್ತೆ ಸ್ಟಾರ್ಟ್ ಮಾಡಿ ಎಸಿ ಹಾಕಿದೆ. ಫ್ಯಾನ್ ಸತ್ತು ಬಿದ್ದಿತ್ತು. ಫ್ಯೂಸ್ ಸರಿ ಇತ್ತು. ಇಂಜಿನ್ ಬಂದ್ ಮಾಡಿ, ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ, ಅಷ್ಟೇ ಪಿನ್ನಿನ ಇನ್ನೊಂದು ರಿಲೇ ಕಿತ್ತು ಫ್ಯಾನಿನ ಜಾಗಕ್ಕೆ ಹಾಕಿ ನೋಡಿದೆ. ಬರ್ ಅಂತ ತಿರುಗಿತು.

ಆಗ ಡಿಕ್ಕಿ ತೆಗೆದು ಪೇಪರ್ ಬಿಚ್ಚಿದೆ. ಗ್ಯಾಸ್ಕೆಟಿನಲ್ಲಿ ಪಿಸ್ಟನ್ನಿನ ದೊಡ್ಡ ತೂತು ಮೂರು. ಮೂರೇ. ನಾಲ್ಕು ಸಿಲಿಂಡರಿನ ಗಾಡಿಗೆ ಮೂರು ಸಿಲಿಂಡರಿನ ಗ್ಯಾಸ್ಕೆಟ್! ಎರಡು ಸಲ, ಮೂರು ಸಲ ಎಣಿಸಿದೆ. ರೋಡಿನ ಬದಿಗೆ ನಿಂತು ಕೈಯಲ್ಲಿ ಆ ತಗಡು ಹಿಡಿದುಕೊಂಡಾಗ ಆದ ಅವಮಾನ ಹೇಳೋಕಾಗಲ್ಲ. ಹುಡುಗ ಅದನ್ನು ಡಿಕ್ಕಿಯಲ್ಲಿ ಇಡುವಾಗ ಗ್ಯಾರೇಜಿನವನು ಎದುರಿಗೇ ನಿಂತಿದ್ದ.

ಅಲ್ಲಿಂದ ಒಂದೊಂದಾಗಿ ನೋಡಿದೆ. ಹೆಡ್ ಇಳಿಸಬೇಕಾದರೆ ಮೇಲಿನ ವಾಲ್ವ್ ಕವರ್, ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್, ಟೈಮಿಂಗ್ ಕಡೆ ಎಲ್ಲಾ ಬಿಚ್ಚಲೇಬೇಕು, ಬೇರೆ ದಾರಿ ಇಲ್ಲ. ನನ್ನ ಗಾಡಿಯಲ್ಲಿ ಎಕ್ಸಾಸ್ಟಿನ ನಟ್ಟುಗಳ ಮೇಲೆ ವರ್ಷಗಟ್ಟಲೆ ಹಿಡಿದ ತುಕ್ಕು ಹಂಗೇ ಇತ್ತು, ಪಾನಾ ತಾಗಿದ ಹೊಳಪು ಒಂದರ ಮೇಲೂ ಇಲ್ಲ. ವಾಲ್ವ್ ಕವರಿನ ಬೋಲ್ಟ್ ತಲೆಯ ಸುತ್ತ ಎಣ್ಣೆ, ಎರೆಮಣ್ಣಿನ ಧೂಳು ಸೇರಿ ಕಟ್ಟಿದ ಜಿಡ್ಡು ಒಡೆದೇ ಇರಲಿಲ್ಲ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಕಪ್ಪು. ಹೊಸ ಆಯಿಲ್ ಪೆಟ್ರೋಲ್ ಇಂಜಿನ್ನಿನಲ್ಲಿ ನಾಲ್ಕೇ ದಿನಕ್ಕೆ ಮಸಿಯಾಗೋದಿಲ್ಲ, ಜೇನಿನ ಬಣ್ಣ ಇರಬೇಕು. ಹೆಡ್ ಬಿಚ್ಚೇ ಇಲ್ಲ. 18,500 ತಗೊಂಡು ಹೆಡ್ಡಿನ ಒಂದು ಬೋಲ್ಟ್ ಸಡಿಲ ಮಾಡಿಲ್ಲ.

ಫೋನ್ ಮಾಡಿದೆ. ಅವನ ಉತ್ತರಗಳು ಹಂಗಂಗೇ ಬರೀತೀನಿ.

ಮೂರು ತೂತಿನ ಬಗ್ಗೆ: “ಹುಡುಗ ತಪ್ಪಿ ಬ್ಯಾರೇ ಗಾಡೀದು ಇಟ್ಟಾನ್ರಿ. ನಿಮ್ದು ಗುಜರಿಗೆ ಹೋತು.”

ಬೋಲ್ಟಿನ ಮೇಲಿನ ಜಿಡ್ಡಿನ ಬಗ್ಗೆ: “ನಮ್ಮೂರಾಗ ಧೂಳಿಗೇನ್ ಬರಾ ಏನ್ರಿ? ಎರಡ ದಿನಕ್ಕ ಮತ್ತ ಕುಂದರ್ತೈತಿ.”

ಫೇಸಿಂಗ್ ಮಾಡಿದ ಲೇತಿನವರ ಚೀಟಿ ಕೇಳಿದರೆ: “ಅವ್ರು ಚೀಟಿ ಕೊಡಂಗಿಲ್ರಿ.” ಎಷ್ಟು ಡೊಂಕು ಇತ್ತು ಅಂತ ಕೇಳಿದೆ. ಹೆಡ್ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ಅಳೀತಾರೆ. ಬಹಳಷ್ಟು ಸಣ್ಣ ಗಾಡಿಗಳಿಗೆ ಮಿತಿ 0.05 ಮಿಲಿಮೀಟರ್ ಆಸುಪಾಸು, ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಫೇಸಿಂಗ್. “ಭಾಳ ಇತ್ರಿ” ಅಂದ. ಭಾಳ ಅಂದರೆ ಎಷ್ಟು? ಫೋನ್ ಇಟ್ಟ.

ಎರಡನೇ ದಿನ ಮತ್ತೆ ಮಾಡಿದಾಗ ರಿಲೇ ನಾನೇ ಹಾಕಿಸಿದ್ದು ಅಂತ ಹೇಳಿದೆ. ಅದಕ್ಕೆ ಅಂದದ್ದು: “ಈಗ ಹೀಟ್ ಆಗಾಕತ್ತಿಲ್ಲಲ್ರಿ? ಮತ್ತೇನ್ ತಕರಾರು?” ಇದು ಹೊಟ್ಟೆಗೆ ಬೆಂಕಿ ಹಾಕಿದ ಮಾತು. ಫ್ಯಾನ್ ನೋಡದೆ ನನ್ನನ್ನು ಮತ್ತೆ ರೋಡಿಗೆ ಬಿಟ್ಟರಲ್ಲ, ನಾನು ಗಮನಿಸದೆ ಇನ್ನೂ ಹತ್ತು ಕಿಲೋಮೀಟರ್ ಓಡಿಸಿದ್ದರೆ ಅಲ್ಯುಮಿನಿಯಂ ಹೆಡ್ ನಿಜವಾಗಿಯೂ ಡೊಂಕಾಗ್ತಿತ್ತು. ಇಲ್ಲದ ರೋಗಕ್ಕೆ ದುಡ್ಡು ತಗೊಂಡು ಆ ರೋಗ ತರಿಸೋ ಕೆಲಸ.

ಕೂಲಂಟಿನ ಕಥೆ ಇನ್ನೂ ಇದೆ. ನನ್ನ ಗಾಡಿಗೆ ಒಟ್ಟು ಹಿಡಿಯೋದೇ ನಾಲ್ಕೂವರೆ ಲೀಟರ್ ಹತ್ತಿರ. ಕೆಳಗಿನ ಪ್ಲಗ್ ಬಿಚ್ಚಿದರೆ ಹೊರಗೆ ಬರೋದು ಸುಮಾರು ಮೂರು, ಉಳಿದದ್ದು ಬ್ಲಾಕಿನೊಳಗೇ ಇರ್ತದೆ. 5 ಲೀಟರ್ ಎಲ್ಲಿಗೆ ಹಾಕಿದರು? ಟ್ಯಾಂಕಿನಲ್ಲಿ ಇದ್ದದ್ದು ಹಸಿರು ಬಣ್ಣದ ಬೋರ್ ನೀರು. ಪತ್ತೆ ಹೇಗೆ ಅಂದರೆ, ತಣ್ಣಗಿದ್ದಾಗ ಒಂದು ಚಮಚ ತೆಗೆದು ಹಳೇ ತಟ್ಟೆಯ ಮೇಲೆ ಹಾಕಿ ಬಿಸಿಲಿಗಿಡಿ. ಕೂಲಂಟ್ ಆಗಿದ್ದರೆ ನೀರು ಆರಿದ ಮೇಲೂ ಎಣ್ಣೆಯಂತೆ ಜಾರುವ ಪಸೆ ಉಳೀತದೆ. ನೀರಾಗಿದ್ದರೆ ಪೂರ್ತಿ ಆರಿ ಬಿಳಿ ಪುಡಿ ಕೂತಿರ್ತದೆ. ನನ್ನದರಲ್ಲಿ ಬಿಳಿ ಪುಡಿ. ನಾಲಿಗೆಗೆ ಹಚ್ಚಿ ನೋಡಬೇಡಿ, ಎಥಿಲೀನ್ ಗ್ಲೈಕಾಲ್ ಸಿಹಿ ಇರ್ತದೆ, ವಿಷ. ಬಸಿದ ಕೂಲಂಟನ್ನು ಗಟಾರದ ಬಾಯಿಗೆ ಚೆಲ್ಲೋದನ್ನು ಅಲ್ಲೇ ನೋಡಿದ್ದೇನೆ. ನಾಯಿ, ಆಡು ಕುಡಿದರೆ ಸಾಯ್ತವೆ.

ನಮ್ಮ ಕಡೆಯ ಬೋರ್ ನೀರು ಎಷ್ಟು ಗಡಸು ಅಂತ ನಿಮ್ಮ ಮನೆಯ ಗೀಜರೇ ಹೇಳ್ತದೆ. ಅದೇ ಸುಣ್ಣ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಕೂರ್ತದೆ. ಕುದಿಯೋ ಲೆಕ್ಕವೂ ನೋಡಿ. ವಿಜಯಪುರದ ಎತ್ತರದಲ್ಲಿ ಬರೀ ನೀರು ತೆರೆದ ಪಾತ್ರೆಯಲ್ಲಿ ಸುಮಾರು 98 ಡಿಗ್ರಿಗೆ ಕುದೀತದೆ. ಬಹಳಷ್ಟು ಗಾಡಿಗಳ ಫ್ಯಾನ್ ಶುರುವಾಗೋದೇ 95ರ ಆಚೀಚೆ. 1.1 ಬಾರಿನ ಮುಚ್ಚಳ ಗಟ್ಟಿಯಿದ್ದರೆ ನೀರು 120ರ ತನಕ ತಡೀತದೆ, ಅರ್ಧ ಕೂಲಂಟ್ ಅರ್ಧ ನೀರು ಇದ್ದರೆ 128-130ರ ತನಕ. ಮುಚ್ಚಳದ ರಬ್ಬರ್ ಸೀಳಿದ್ದು, ಒಳಗೆ ಬರೀ ನೀರಿದ್ದರೆ ಮೇ ತಿಂಗಳಲ್ಲಿ ಅದು ಕುದಿಯೋದೇ. ಮುಚ್ಚಳ ಕೆಟ್ಟದ್ದಕ್ಕೆ ಇನ್ನೊಂದು ಗುರುತು: ಗಾಡಿ ತಣ್ಣಗಾದ ಮೇಲೆ ಮೇಲಿನ ಹೋಸ್ ಒಳಕ್ಕೆ ಚಪ್ಪಟೆಯಾಗಿರ್ತದೆ.

ತೊಳೆದು ಹೊಸ ಕೂಲಂಟ್ ಹಾಕಿಸುವಾಗ ರೆಡಿ ಮಿಕ್ಸ್ (ಮೊದಲೇ ಅರ್ಧ ನೀರು ಬೆರೆಸಿದ್ದು) ಸುರಿಸಬೇಡಿ. ಬ್ಲಾಕಿನಲ್ಲಿ ಒಂದೂವರೆ ಲೀಟರ್ ತೊಳೆದ ನೀರು ಉಳಿದಿರ್ತದೆ, ಅದರ ಮೇಲೆ ಮೂರು ಲೀಟರ್ ರೆಡಿ ಮಿಕ್ಸ್ ಬಿದ್ದರೆ ಅರ್ಧಕ್ಕರ್ಧ ಇರಬೇಕಾದ್ದು ಮೂರರಲ್ಲಿ ಒಂದು ಪಾಲಿಗೆ ಇಳೀತದೆ. ನಾಲ್ಕೂವರೆ ಲೀಟರಿನ ಗಾಡಿಗೆ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲಂಟ್) ಎರಡೂಕಾಲು ಲೀಟರ್ ಮೊದಲು ಹಾಕಿ, ಉಳಿದದ್ದಕ್ಕೆ ಬ್ಯಾಟರಿಗೆ ಹಾಕೋ ಡಿಎಂ ವಾಟರ್. ಬಣ್ಣ ನೋಡಿ ಬೆರೆಸಬೇಡಿ, ಬಣ್ಣ ಯಾವ ಲೆಕ್ಕಕ್ಕೂ ಇಲ್ಲ, ಗಾಡಿಯ ಪುಸ್ತಕದಲ್ಲಿ ಬರೆದ ಜಾತಿಯದನ್ನೇ ಹಾಕಿ. ಆಮೇಲೆ ಗಾಳಿ ತೆಗೀಬೇಕು: ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ ನಿಧಾನಕ್ಕೆ ತುಂಬಿಸಿ, ಮೇಲಿನ ಹೋಸ್ ಹಿಚುಕ್ತಾ, ಫ್ಯಾನ್ ಎರಡು ಸಲ ಬಂದು ನಿಲ್ಲೋ ತನಕ ಐಡಲ್‌ನಲ್ಲಿ ಬಿಡಬೇಕು. ಮರುದಿನ ತಣ್ಣಗಿದ್ದಾಗ ಮಟ್ಟ ನೋಡಿ ತುಂಬಬೇಕು. ಗಾಳಿ ಉಳಿದರೆ ಮತ್ತೆ ಹೀಟ್, ಮತ್ತೆ ‘ಹೆಡ್ ಹೋಗೇತ್ರಿ’.

ಥರ್ಮೋಸ್ಟ್ಯಾಟನ್ನೂ ಕಿತ್ತು ಎಸೆದಿದ್ದರು. ನನಗೆ ಹೇಳದೆ. ಗೊತ್ತಾಗಿದ್ದು ಹೈವೇಯಲ್ಲಿ ಹದಿನೈದು ಕಿಲೋಮೀಟರ್ ಓಡಿದರೂ ಮುಳ್ಳು ಕಾಲುಭಾಗ ದಾಟದಾಗ, ಮೈಲೇಜ್ ಬಿದ್ದಾಗ. ಬೇರೆ ಮೇಸ್ತ್ರಿ ಹೌಸಿಂಗ್ ಬಿಚ್ಚಿದರೆ ಒಳಗೆ ಖಾಲಿ. ಕೇಳಿದರೆ: “ನಮ್ಮ ಕಡಿ ಬಿಸಲಿಗೆ ಅದು ಬೇಕಾಗಂಗಿಲ್ರಿ, ಥಂಡಿ ದೇಶದವ್ರಿಗೆ ಅದು.” ಸುಳ್ಳು. ಇಂಜಿನ್ ತಣ್ಣಗೇ ಉಳಿದರೆ ಪೆಟ್ರೋಲ್ ಹೆಚ್ಚು ಸುರೀತದೆ, ಆಯಿಲ್ ಹಾಳಾಗ್ತದೆ. ಕೆಲವು ಇಂಜಿನ್ನುಗಳಲ್ಲಿ ಬೈಪಾಸ್ ದಾರಿ ಮುಚ್ಚೋದೂ ಥರ್ಮೋಸ್ಟ್ಯಾಟೇ; ಅದಿಲ್ಲದಿದ್ದರೆ ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಅಲ್ಲೇ ಸುತ್ತಿ ಇನ್ನೂ ಹೀಟ್ ಆಗ್ತದೆ. ಕೆಟ್ಟಿದೆಯೋ ಅನ್ನೋದನ್ನು ಪಾತ್ರೆಯ ನೀರಿನಲ್ಲಿ ಹಾಕಿ ಕಾಯಿಸಿ ನೋಡಬಹುದು. ಮೇಲೆ ಒತ್ತಿದ ನಂಬರ್ 82 ಇದ್ದರೆ 82ರ ಹತ್ತಿರ ಬಾಯಿ ಬಿಡಬೇಕು, ಕುದಿಯೋ ಹೊತ್ತಿಗೆ ಪೂರ್ತಿ ತೆರೀಬೇಕು.

ಗಾಡಿ ಹೀಟ್ ಆದರೆ ಎಸಿ ಬಂದ್, ಹೀಟರ್ ಫುಲ್, ಬದಿಗೆ ನಿಲ್ಲಿಸಿ. ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡಿ, ಇಂಜಿನ್ ಮೇಲೆ ತಣ್ಣೀರು ಸುರೀಬೇಡಿ. ರೇಡಿಯೇಟರಿಗೆ ಅರಿಷಿಣ ಪುಡಿ ಹಾಕ್ತೀನಿ, ಸೋರೋದು ನಿಲ್ತದೆ ಅನ್ನೋವರಿಗೂ ಬೇಡ ಅನ್ನಿ, ಹೀಟರ್ ಕೋರ್ ಸೇರಿ ಎಲ್ಲಾ ಕಟ್ಟಿಕೊಳ್ತದೆ. ಹೆಡ್ ಬಿಚ್ಚೋದೇ ಆದರೆ ಬಿಚ್ಚಿದ ಹೆಡ್ಡನ್ನು ನಿಮ್ಮ ಕಣ್ಣೆದುರು ಟೇಬಲ್ ಮೇಲೆ ಇಡಿಸಿ, ನೀವು ನೋಡೋ ತನಕ ಫೇಸಿಂಗಿಗೆ ಕಳಿಸಬೇಡಿ ಅನ್ನಿ. ಗಾಡಿ ಬಿಡೋ ಮೊದಲೇ ವಾಲ್ವ್ ಕವರ್ ಮತ್ತು ಎಕ್ಸಾಸ್ಟ್ ನಟ್ಟುಗಳ ಫೋಟೋ ತೆಗೆದುಕೊಳ್ಳಿ. ನನ್ನ ಬಳಿ ಮೊದಲಿನ ಫೋಟೋ ಇದ್ದಿದ್ದರೆ ಧೂಳಿನ ಮಾತು ಅವನ ಬಾಯಿಗೆ ಬರ್ತಿರಲಿಲ್ಲ.

ಪಕ್ಕಾ ಬಿಲ್ ಕೊಡ್ರಿ ಅಂತ ಕೇಳಿ ಹನ್ನೊಂದು ದಿನ ಆಯ್ತು. “ನಾಳಿ ಬರ್ರಿ” ಅಂತಾನೆ. ನಾಳೆ ಮತ್ತೆ ಹೋಗ್ತೀನಿ, ಗ್ಯಾಸ್ಕೆಟ್ ತಗೊಂಡೇ.