ಶ್ರೀರಂಗಪಟ್ಟಣ–ಕೆಆರ್‌ಎಸ್ ಸೆಲ್ಫ್ ಡ್ರೈವ್: ಕಾರು ಬುಕ್ ಮಾಡುವ ಮುನ್ನ ಹೊರಹರಿವು ನೋಡಿ

ಬೆಂಗಳೂರಿನಿಂದ ಬಾಡಿಗೆ ಕಾರು ತೆಗೆದುಕೊಂಡು ಹೋಗಿ ಒಂದು ರಾತ್ರಿ ತಂಗಿ ಬರುವುದಕ್ಕೆ ಶ್ರೀರಂಗಪಟ್ಟಣ–ಕನ್ನಂಬಾಡಿಯಷ್ಟು (ಅಂದರೆ ಕೆಆರ್‌ಎಸ್‌ನಷ್ಟು) ಒಳ್ಳೆಯ ಜೋಡಿ ಇನ್ನೊಂದಿಲ್ಲ. ಹೊಳೆ, ಕೋಟೆ, ಹಕ್ಕಿ, ಅಣೆಕಟ್ಟೆ ಎಲ್ಲ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಸಿಗುತ್ತವೆ. ಆದರೆ ಹೋಗುವ ತಿಂಗಳು ಆರಿಸುವುದರಲ್ಲೇ ಬಹಳ ಜನ ಎಡವುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಕೆಆರ್‌ಎಸ್ ಗೇಟುಗಳಿಂದ ನೀರು ಧುಮುಕುವ ವಿಡಿಯೊ ನೋಡಿ ಹೊರಟುಬಿಡುತ್ತಾರೆ. ಅದೇ ನೀರು ಕೆಳಗೆ ರಂಗನತಿಟ್ಟು ಪಕ್ಷಿಧಾಮದ ದೋಣಿ ನಿಲ್ಲಿಸಿರುತ್ತದೆ, ಸ್ನಾನಘಟ್ಟದ ಮೆಟ್ಟಿಲು ಮುಳುಗಿಸಿರುತ್ತದೆ, ಬಲಮುರಿ ಕಟ್ಟೆಗೆ ಪ್ರವೇಶ ಇಲ್ಲದಂತೆ ಮಾಡಿರುತ್ತದೆ.

ಹಾಗಾಗಿ ಮೊದಲ ಕೆಲಸ ಕಾರಿನದಲ್ಲ, ನೀರಿನದು. ಪತ್ರಿಕೆಗಳಲ್ಲಿ ದಿನವೂ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಬರುತ್ತದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಹಿಡಿಯುವ ನೀರು ಸುಮಾರು 49.45 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಹೊರಹರಿವಿನ ಲೆಕ್ಕದಲ್ಲಿ ನಾಲೆಗೆ ಬಿಟ್ಟ ನೀರೂ ಸೇರಿರುತ್ತದೆ. ನಿಮಗೆ ಬೇಕಾದದ್ದು ನದಿಗೆ ಬಿಟ್ಟದ್ದು ಎಷ್ಟು ಎಂಬುದು. ನಾಲ್ಕೈದು ಸಾವಿರ ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಇದ್ದರೆ ಯೋಚನೆಯಿಲ್ಲ. ಹತ್ತಾರು ಸಾವಿರಕ್ಕೆ ಏರಿದರೆ ರಂಗನತಿಟ್ಟಿನ ದೋಣಿವಿಹಾರವನ್ನು ಪಟ್ಟಿಯಿಂದ ತೆಗೆದುಬಿಡಿ. ಲಕ್ಷದ ಹತ್ತಿರ ಹೋದರೆ 1804ರಲ್ಲಿ ದಿವಾನ್ ಪೂರ್ಣಯ್ಯ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಡೆಗೂ ಬಿಡುವುದಿಲ್ಲ. ಆಗ ಹೊಳೆಯ ಕಡೆ ನೋಡುವುದಕ್ಕೆ ಸಿಗುವುದು ಅಣೆಕಟ್ಟೆಯೊಂದೇ.

ತುಂಬಿದ ಜಲಾಶಯ, ಹೊಳೆಯ ಓಡಾಟ ಎರಡೂ ಬೇಕೆನ್ನುವವರಿಗೆ ನಮ್ಮ ಸಲಹೆ ನವೆಂಬರ್, ಡಿಸೆಂಬರ್. ಮಳೆ ಸರಿಯಾಗಿ ಆದ ವರ್ಷ ಆಗ ಜಲಾಶಯದಲ್ಲಿ ನೀರು ನಿಂತಿರುತ್ತದೆ, ನದಿ ತಗ್ಗಿರುತ್ತದೆ. ಹಕ್ಕಿಗಾಗಿಯೇ ಹೋಗುವವರು ಜನವರಿಯಿಂದ ಏಪ್ರಿಲ್ ಒಳಗೆ ಹೋಗಲಿ: ಬಣ್ಣದ ಕೊಕ್ಕರೆ, ಚಮಚಕೊಕ್ಕು, ಹೆಜ್ಜಾರ್ಲೆ ಗೂಡು ಕಟ್ಟುವ ಕಾಲ ಅದು, ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆಗಳೂ ಕಾಣುತ್ತವೆ.

ಇನ್ನು ಕಾರು. ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇದ್ದರೆ ಅದು ಸೆಲ್ಫ್ ಡ್ರೈವ್ ಬಾಡಿಗೆಗೆಂದೇ ನೋಂದಣಿಯಾದ ಗಾಡಿ. ಬಿಳಿ ಬೋರ್ಡಿನ ಸ್ವಂತ ಕಾರನ್ನು ಕಡಿಮೆ ದುಡ್ಡಿಗೆ ಕೊಡುವವರಿದ್ದಾರೆ, ಬೇಡ. ಅಪಘಾತವಾದರೆ ವಿಮೆ ಕೈಕೊಡಬಹುದು. ಬಾಡಿಗೆ ಯೋಜನೆಯಲ್ಲಿ ಮೊದಲು ನೋಡಬೇಕಾದದ್ದು ಕಿಲೋಮೀಟರ್ ಮಿತಿ. ಬೆಂಗಳೂರಿನ ನಡುವಿನಿಂದ ಹೊರಟು ಶ್ರೀರಂಗಪಟ್ಟಣ, ಕೆಆರ್‌ಎಸ್, ಅಕ್ಕಪಕ್ಕದ ಓಡಾಟ ಎಲ್ಲ ಸೇರಿ ವಾಪಸ್ ಬರುವಷ್ಟರಲ್ಲಿ 320ರಿಂದ 350 ಆಗುತ್ತದೆ. ಮೈಸೂರನ್ನೂ ಸೇರಿಸಿದರೆ ಇನ್ನಷ್ಟು. 300ರ ಮಿತಿ ಅಗ್ಗವಾಗಿ ಕಂಡರೂ ಕೊನೆಗೆ ಹೆಚ್ಚುವರಿ ದರ ಕಟ್ಟಿಸುತ್ತದೆ.

ಗಾಡಿ ಕೈಗೆ ಬಂದ ಜಾಗದಲ್ಲೇ ಸುತ್ತ ಒಂದು ವಿಡಿಯೊ ಮಾಡಿ. ಬಂಪರಿನ ಕೆಳಭಾಗ, ಚಕ್ರದ ರಿಮ್, ಮುಂದಿನ ಗಾಜು, ಇಂಧನದ ಮುಳ್ಳು, ಓಡೋಮೀಟರ್ ಎಲ್ಲವೂ ಬರಲಿ. ಠೇವಣಿಯ ಜಗಳವೆಲ್ಲ ಬರುವುದು ಬಂಪರಿನ ಕೆಳಗಿನ ಗೀರಿಗೆ. ಸ್ಟೆಪ್ನಿ, ಜ್ಯಾಕ್, ವೀಲ್ ಸ್ಪ್ಯಾನರ್ ಇದೆಯೇ ನೋಡಿ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಟೈರಿನ ಗಾಳಿ ಎಷ್ಟಿರಬೇಕೆಂದು ಬರೆದಿರುತ್ತದೆ. ಟೈರ್ ತಣ್ಣಗಿದ್ದಾಗಲೇ ಅಷ್ಟಕ್ಕೆ ಸರಿಮಾಡಿಸಿ. ಗಾಳಿ ಕಡಿಮೆಯಿದ್ದು ಎಕ್ಸ್‌ಪ್ರೆಸ್‌ವೇನಲ್ಲಿ ಗಂಟೆಗಟ್ಟಲೆ ನೂರರ ಹತ್ತಿರ ಓಡಿಸಿದರೆ ಟೈರಿನ ಪಕ್ಕೆ ಬಿಸಿಯಾಗಿ ಸಿಡಿಯಬಹುದು. ಫಾಸ್ಟ್ಯಾಗ್‌ನಲ್ಲಿ ಹಣ ಯಾರು ಹಾಕಬೇಕು ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ.

ರಸ್ತೆಗೆ ಪೂರ್ತಿ ಅಂಕ ಕೊಡಬಹುದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನೆಲ್ಲ ಹೊರಗೇ ಬಿಟ್ಟು ಸಾಗುತ್ತದೆ. ಬಿಡದಿ ಭಾಗದಲ್ಲೊಂದು ಟೋಲ್, ಶ್ರೀರಂಗಪಟ್ಟಣಕ್ಕೆ ಮೊದಲು ಗಣಂಗೂರಿನಲ್ಲೊಂದು. ಬೈಕು, ಆಟೊಗಳಿಗೆ ಮುಖ್ಯ ಪಥದಲ್ಲಿ ಅವಕಾಶವಿಲ್ಲ. ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್, ಕ್ಯಾಮೆರಾಗಳಿವೆ, ದಂಡ ಬಂದರೆ ಬಾಡಿಗೆ ಕಂಪನಿ ನಿಮ್ಮಿಂದಲೇ ವಸೂಲಿ ಮಾಡುತ್ತದೆ. ಬಿಡದಿಯ ತಟ್ಟೆ ಇಡ್ಲಿಯೋ ಮದ್ದೂರು ವಡೆಯೋ ಬೇಕೆಂದರೆ ಆ ಊರಿಗೆ ಮೊದಲೇ ಸರ್ವಿಸ್ ರಸ್ತೆಗೆ ಇಳಿಯಬೇಕು. ಗಣಂಗೂರು ಟೋಲ್ ದಾಟಿದ ಮೇಲೆ ಎಡಗಡೆಯೇ ಹೋಗುತ್ತಿರಿ. ಶ್ರೀರಂಗಪಟ್ಟಣದ ತಿರುವು ತಪ್ಪಿದರೆ ರಿವರ್ಸ್ ಬರಬೇಡಿ, ಮುಂದಿನ ತಿರುವಿನಲ್ಲಿ ಇಳಿದು ಹಳೇ ರಸ್ತೆಯಲ್ಲಿ ಬನ್ನಿ, ಹೋಗುವುದು ಹತ್ತು ನಿಮಿಷ ಅಷ್ಟೆ.

ಊರೊಳಗೆ ಬೆಳಿಗ್ಗೆ ರಂಗನಾಥಸ್ವಾಮಿ ದೇವಸ್ಥಾನದಿಂದ ಶುರುಮಾಡಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಆಮೇಲೆ ಟಿಪ್ಪುವಿನ ಬೇಸಿಗೆ ಅರಮನೆ, 1784ರ ದರಿಯಾ ದೌಲತ್. ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಳ್ಳಿಲೂರು ಕದನದ ಚಿತ್ರ ಗೋಡೆಯ ಮೇಲಿದೆ, ಅದಕ್ಕೆ ಅರ್ಧ ಗಂಟೆಯಾದರೂ ಕೊಡಿ. ಈ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆಯ ಅರ್ಧ ಗಂಟೆ ಇಲ್ಲ. ಟಿಪ್ಪುವಿನ ಸಮಾಧಿ ಇರುವ ಗುಂಬಜ್, ನಿಮಿಷಾಂಬ ದೇವಸ್ಥಾನ, ಹೊಳೆ ಕೂಡುವ ಸಂಗಮ ಒಂದೇ ದಿಕ್ಕಿನಲ್ಲಿವೆ. ಹುಣ್ಣಿಮೆಯ ದಿನ ನಿಮಿಷಾಂಬ ದೇವಸ್ಥಾನದ ರಸ್ತೆಗೆ ಕಾರು ತರಲೇಬೇಡಿ.

ಮಧ್ಯಾಹ್ನದ ಮೇಲೆ ಪಾಲಹಳ್ಳಿ, ಬೆಳಗೊಳದ ಮೇಲೆ ಕೆಆರ್‌ಎಸ್‌ಗೆ ಹೊರಡಿ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮ್ಯಾಪ್ ತೋರಿಸುವ ನಾಲೆ ಏರಿಯ ಅಡ್ಡದಾರಿ ಹಿಡಿಯಬೇಡಿ. ವಿಸಿ (ವಿಶ್ವೇಶ್ವರಯ್ಯ) ನಾಲೆಯ ಪಕ್ಕದಲ್ಲಿ ಎಷ್ಟೋ ಕಡೆ ತಡೆಗೋಡೆ ಇಲ್ಲ. 2023ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಬನಘಟ್ಟದ ಬಳಿ ಕಾರು ನಾಲೆಗೆ ಉರುಳಿ ಐವರು ಸತ್ತರು. ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್, ಎತ್ತಿನ ಗಾಡಿಗಳೂ ಇರುತ್ತವೆ. ಕತ್ತಲಾದ ಮೇಲೆ 40ಕ್ಕಿಂತ ಹೆಚ್ಚು ಓಡಿಸಬೇಡಿ. ಬಲಮುರಿ ದಾರಿಯಲ್ಲೇ ಸಿಗುತ್ತದೆ, ಆದರೆ ನೀರಿಗೆ ಇಳಿಯುವುದು ಬೇಡ. ಕಟ್ಟೆಯ ಕಲ್ಲು ಪಾಚಿಗಟ್ಟಿರುತ್ತದೆ, ಕೆಳಗೆ ಸುಳಿ.

ಅಣೆಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನಕ್ಕೆ ಕತ್ತಲಾಗುವ ಒಂದೂವರೆ ಗಂಟೆ ಮೊದಲು ತಲುಪಬೇಕು. ಸಂಗೀತ ಕಾರಂಜಿ ಇರುವುದು ನದಿಯ ಆಚೆ ಬದಿಯಲ್ಲಿ; ವಯಸ್ಸಾದವರಿದ್ದರೆ ಪಾರ್ಕಿಂಗ್‌ನಿಂದ ಅಲ್ಲಿಗೆ ನಡೆಯಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಶನಿವಾರ, ಭಾನುವಾರ ಪಾರ್ಕಿಂಗ್‌ನಿಂದ ಹೊರಬರುವುದೇ ಒಂದು ಕೆಲಸ, ವಾರದ ದಿನವೇ ಮೇಲು. ಉದ್ಯಾನ ಚೆನ್ನಾಗಿದೆ, ದೀಪದ ವ್ಯವಸ್ಥೆಯೂ ಸರಿ. ಆದರೆ ಇಲ್ಲಿಂದ ಕಾಣುವುದು ಅಣೆಕಟ್ಟೆಯ ಗೋಡೆ ಮಾತ್ರ, ಜಲಾಶಯದ ನೀರಲ್ಲ; ಕಟ್ಟೆಯ ಮೇಲೆ ಸಾರ್ವಜನಿಕರನ್ನು ಬಿಡುವುದಿಲ್ಲ. ಇದು ಗೊತ್ತಿಲ್ಲದೆ ಬಂದವರು ಬೇಸರಪಟ್ಟುಕೊಂಡು ಹೋಗುತ್ತಾರೆ. ನೀರನ್ನು ನೋಡಬೇಕೆಂದರೆ ಮರುದಿನ ಬೆಳಿಗ್ಗೆ ಉತ್ತರ ದಂಡೆ ಸುತ್ತಿಕೊಂಡು ಹೊಸಕನ್ನಂಬಾಡಿಗೆ ಹೋಗಿ. ಹಿನ್ನೀರಿನಲ್ಲಿ ಮುಳುಗಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಲ್ಲುಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ಎದುರಿಗೇ ಹಿನ್ನೀರು.

ತಂಗಲು ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ (ಕೆಎಸ್‌ಟಿಡಿಸಿ) ಎರಡು ಹೋಟೆಲುಗಳಿವೆ: ಶ್ರೀರಂಗಪಟ್ಟಣದಲ್ಲಿ ಮಯೂರ ರಿವರ್ ವ್ಯೂ, ಕೆಆರ್‌ಎಸ್‌ನಲ್ಲಿ ಮಯೂರ ಕಾವೇರಿ. ರಾತ್ರಿ ಕಾರು ಓಡಿಸುವುದು ತಪ್ಪುವುದರಿಂದ ಕಾರಂಜಿ ನೋಡುವವರಿಗೆ ಎರಡನೆಯದೇ ಅನುಕೂಲ. ರಂಗನತಿಟ್ಟನ್ನು ಎರಡನೇ ದಿನಕ್ಕೆ ಇಟ್ಟುಕೊಂಡು ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಬಿಸಿಲೂ ಕಡಿಮೆ, ಸರದಿಯೂ ಕಡಿಮೆ.

ವಾಪಸಾತಿಯ ಹೊತ್ತನ್ನು ಮಾತ್ರ ಎಕ್ಸ್‌ಪ್ರೆಸ್‌ವೇ ನಂಬಿ ಲೆಕ್ಕ ಹಾಕಬೇಡಿ. ಭಾನುವಾರ ಸಂಜೆ ಕೆಂಗೇರಿಯಿಂದ ನಾಯಂಡಹಳ್ಳಿವರೆಗಿನ ದಟ್ಟಣೆಯೇ ಒಂದು ಗಂಟೆ ತಿನ್ನಬಲ್ಲದು, ತಡವಾದರೆ ಬಾಡಿಗೆಗೆ ದಂಡ ಸೇರುತ್ತದೆ. ಮಧ್ಯಾಹ್ನ ಎರಡಕ್ಕೆ ಹೊರಟುಬಿಡಿ, ಇಲ್ಲವೇ ಬುಕ್ ಮಾಡುವಾಗಲೇ ಎರಡು ಗಂಟೆ ಹೆಚ್ಚಿಗೆ ತೆಗೆದುಕೊಳ್ಳಿ.