ಹಳೆಯ ಟರ್ಬೊ ಡೀಸೆಲ್ ಕಾರು ದೇವಿಮನೆ ಘಟ್ಟದಲ್ಲಿ: ದೀರ್ಘಕಾಲ ಓಡಿಸಿದವನ ವಿಮರ್ಶೆ

2012ರ ಮಾಡೆಲ್, 1248 ಸಿಸಿ ಟರ್ಬೊ ಡೀಸೆಲ್, 5 ಗೇರಿನ ಮ್ಯಾನುವಲ್ ಹ್ಯಾಚ್‌ಬ್ಯಾಕ್. ಟರ್ಬೊ ಎಂದರೆ ಇಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಫ್ಯಾನು. ಕೆಎ 31 ನಂಬರಿನ ಈ ಕಾರು ನನ್ನ ಕೈಗೆ ಬರುವಾಗಲೇ ಲಕ್ಷ ಕಿಲೋಮೀಟರ್ ದಾಟಿತ್ತು. ಕೆಲವು ವರ್ಷಗಳಿಂದ ಶಿರಸಿ–ಕುಮಟಾ ನಡುವೆ, ದೇವಿಮನೆ ಘಟ್ಟ ಹತ್ತಿಳಿದು, ಓಡಿಸುತ್ತಿದ್ದೇನೆ, ಆಗಾಗ ಕಾರವಾರದ ತನಕ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಇಂಜಿನ್ ಆ ಕಾಲದಲ್ಲಿ ಹಲವು ಕಂಪನಿಗಳ ಕಾರುಗಳಲ್ಲಿ ಬಂದಿದೆ. ಇಲ್ಲಿ ಹೇಳುವುದರಲ್ಲಿ ಬಹುಪಾಲು ಅವೆಲ್ಲಕ್ಕೂ ಹೊಂದುತ್ತದೆ.

ಕಾರು ಚೆನ್ನಾಗಿದೆ, ಮಾರುವ ಯೋಚನೆ ಇಲ್ಲ. ಆದರೆ ಇಷ್ಟು ಹಳೆಯ ಟರ್ಬೊ ಗಾಡಿ ಇಟ್ಟುಕೊಳ್ಳುವವರು ಒಂದು ಸಂಗತಿ ತಿಳಿದಿರಲೇಬೇಕು. ಪಿಕಪ್ ಕಡಿಮೆಯಾಯಿತು ಎಂದೊಡನೆ ‘ಟರ್ಬೊ ಹೋಗಿದೆ’ ಎಂದು ಹೇಳುವವರು ನಮ್ಮ ಸುತ್ತ ಬಹಳ. ನಾನು ಕಂಡಮಟ್ಟಿಗೆ ಟರ್ಬೊ ಸುಲಭಕ್ಕೆ ಹೋಗುವುದಿಲ್ಲ. ಅದರ ಸುತ್ತಲಿನ ರಬ್ಬರ್ ಪೈಪು, ಕ್ಲಾಂಪು, ಸೆನ್ಸರ್ ಮೊದಲು ಕೈಕೊಡುತ್ತವೆ.

ಯಾವುದು ತೊಂದರೆ, ಯಾವುದು ಗಾಡಿಯ ಸ್ವಭಾವ ಎಂದು ಬೇರೆ ಮಾಡಿಕೊಳ್ಳುವುದು ಮೊದಲ ಕೆಲಸ. ಈ ಇಂಜಿನ್ನಿನ 190 ನ್ಯೂಟನ್ ಮೀಟರ್ ಟಾರ್ಕ್ ಸಿಗುವುದು 2000 ಆರ್‌ಪಿಎಂನಲ್ಲಿ. ದೇವಿಮನೆಯ ತಿರುವಿನಲ್ಲಿ ಎರಡನೇ ಗೇರಿನಲ್ಲೇ 1400ಕ್ಕೆ ಇಳಿದು ಆಕ್ಸಲರೇಟರ್ ಒತ್ತಿದರೆ ಗಾಡಿ ಏಳುವುದಿಲ್ಲ. ಅಷ್ಟು ಕಡಿಮೆ ವೇಗದಲ್ಲಿ ಟರ್ಬೊ ತಿರುಗಿಸುವಷ್ಟು ಹೊಗೆಯ ಒತ್ತಡವೇ ಇರುವುದಿಲ್ಲ, ಹಾಗಾಗಿ ಅದು ರೋಗವಲ್ಲ. ಮೊದಲನೇ ಗೇರಿಗೆ ಹಾಕಿ, ಸಂಕೋಚ ಬೇಡ. 2000 ದಾಟಿದ ಮೇಲೂ ಏಳದಿದ್ದರೆ ಮಾತ್ರ ಹುಡುಕಲು ಶುರುಮಾಡಬೇಕು.

ನನ್ನ ಕಾರಿಗೆ ಅದೇ ಆಯಿತು. ಸಪಾಟು ರಸ್ತೆಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಘಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ದಮ್ಮಿಲ್ಲ, ಹಿಂದೆ ಕಪ್ಪು ಹೊಗೆ, ಬಾನೆಟ್ ಒಳಗಿನಿಂದ ಸುಯ್ ಎನ್ನುವ ಸದ್ದು. ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತದೆಯೇ ಟರ್ಬೊ ಬದಲಿಸಬೇಕು, 40,000ದ ಮೇಲಾಗುತ್ತದೆ ಎಂದರು. ಕಪ್ಪು ಹೊಗೆ ಎಂದರೆ ಡೀಸೆಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಎಂದರ್ಥ. ಟರ್ಬೊದ ಸೀಲ್ ಹೋಗಿ ಆಯಿಲ್ ಸುಡುತ್ತಿದ್ದರೆ ಹೊಗೆ ನೀಲಿ ಇರಬೇಕಿತ್ತು, ಆಯಿಲ್ ಮಟ್ಟ ಇಳಿಯಬೇಕಿತ್ತು. ಎರಡೂ ಇರಲಿಲ್ಲ.

ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಅಗ್ಗದ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸಾಧನ) ಇಂತಹ ಹೊತ್ತಿನಲ್ಲಿ ಬಹಳ ಉಪಯೋಗ. ಕೋಡ್ ಬಂದಿದ್ದು ಪಿ0299, ಅಂದರೆ ಟರ್ಬೊ ಒತ್ತಡ ಕಡಿಮೆ. ಹೆಚ್ಚಿನವರು ಇಲ್ಲಿಗೇ ನಿಂತು ಟರ್ಬೊ ಬಿಚ್ಚುತ್ತಾರೆ. ಕೋಡ್ ಹೇಳುವುದು ಒತ್ತಡ ಬರುತ್ತಿಲ್ಲ ಎಂದಷ್ಟೇ. ಯಾಕೆ ಬರುತ್ತಿಲ್ಲ ಎಂಬುದನ್ನು ನಾವು ಹುಡುಕಬೇಕು. ಮೊದಲು ಸೆನ್ಸರ್ ಸರಿ ಇದೆಯೇ ನೋಡಬೇಕು. ಘಟ್ಟದ ಮೇಲೆ, ಕೆಳಗೆ ಎರಡೂ ಕಡೆ ಓಡಾಡುವ ನಮಗೆ ಇದಕ್ಕೊಂದು ಸುಲಭದ ದಾರಿಯಿದೆ. ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಮ್ಯಾಪ್ ಸೆನ್ಸರಿನ (ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಅಂಕಿ ನೋಡಿ. ಆಗ ಅದು ತೋರಿಸಬೇಕಾದದ್ದು ಹೊರಗಿನ ವಾಯುಭಾರವನ್ನು. ಕುಮಟಾದಲ್ಲಿ, ಸಮುದ್ರಮಟ್ಟದಲ್ಲಿ, 101 ಕಿಲೊಪಾಸ್ಕಲ್‌ನ ಹತ್ತಿರ. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ 94ರ ಆಸುಪಾಸು. ನನ್ನ ಕಾರಿನ ಸೆನ್ಸರ್ ಎರಡೂ ಕಡೆ ಸರಿಯಾಗಿಯೇ ತೋರಿಸಿತು. ಘಟ್ಟ ಹತ್ತುವಾಗ ಪಕ್ಕದಲ್ಲಿ ಕುಳಿತವರಿಗೆ ಮೊಬೈಲ್ ಕೊಟ್ಟು ನೋಡಿಸಿದೆ. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದರೂ ಮ್ಯಾಪ್ ಅಂಕಿ 140 ದಾಟುತ್ತಿರಲಿಲ್ಲ.

ಕುಮಟಾದ ಹಿರಿಯ ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ ಹೇಳಿದರು: “ಇಂಟರ್‌ಕೂಲರ್ ಪೈಪಿನ ಹೊರಗೆ ಎಣ್ಣೆ ಪಸೆ ಉಂಟಾ ನೋಡಿ ಮಾರಾಯ್ರೆ. ಎಣ್ಣೆ ಹೊರಗೆ ಬಂದಲ್ಲಿ ಗಾಳಿಯೂ ಹೊರಗೆ ಹೋಗ್ತದೆ.” ಇಂಟರ್‌ಕೂಲರ್ ಎಂದರೆ ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ರೇಡಿಯೇಟರ್. ಟರ್ಬೊ ಪೈಪಿನ ಒಳಗೆ ತುಸು ಆಯಿಲ್ ಪಸೆ ಇರುವುದು ಸಹಜ, ಹೊರಗೆ ಇರಬಾರದು. ಮೇಲಿನಿಂದ ನೋಡಿದರೆ ಪೈಪು ಹೊಸದರಂತಿತ್ತು. ಕೆಳಬದಿಗೆ ಕೈ ಹಾಕಿದರೆ ಬೆರಳಿಗೆ ಕಪ್ಪು ಜಿಡ್ಡು. ಪೂರ್ತಿ ಖಾತ್ರಿ ಮಾಡಿಕೊಳ್ಳಲು, ತೋಟದ ನೀರಿನ ಪೈಪಿಗೆ ಹಾಕುವ ಪಿವಿಸಿ ಮುಚ್ಚಳಕ್ಕೆ ಟೈರಿನ ವಾಲ್ವ್ ಕೂರಿಸಿ, ಟರ್ಬೊ ಗಾಳಿ ಎಳೆದುಕೊಳ್ಳುವ ಬಾಯಿಗೆ ಬಿಗಿದು, ನಿಧಾನವಾಗಿ ಗಾಳಿ ತುಂಬಿದೆವು. 15 ಪಿಎಸ್‌ಐ ದಾಟಿಸಬಾರದು. ಸಾಬೂನು ನೀರು ಹಚ್ಚಿದ ಕೂಡಲೇ ಪೈಪಿನ ಮಡಿಕೆಯಲ್ಲಿ ಗುಳ್ಳೆ ಎದ್ದಿತು. ಸೈಕಲ್ ಟ್ಯೂಬಿನ ಸಣ್ಣ ತೂತು ಗಾಳಿ ತುಂಬಿದ ಮೇಲೇ ಕಾಣುವ ಹಾಗೆ, ಈ ಸೀಳು ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ. ಐಡಲ್‌ನಲ್ಲಿ ನಿಲ್ಲಿಸಿ ಎಷ್ಟು ಹೊತ್ತು ನೋಡಿದರೂ ಸಿಗುವುದಿಲ್ಲ.

ಹೊಸ ಪೈಪು, ಎರಡು ಕ್ಲಾಂಪು ಸೇರಿ 2,000 ರೂಪಾಯಿಯ ಒಳಗೆ ಮುಗಿಯಿತು. ಈಗ ಅದೇ ಏರಿನಲ್ಲಿ ಮ್ಯಾಪ್ ಅಂಕಿ 200ರ ಹತ್ತಿರ ಹೋಗುತ್ತದೆ. ಬಿಚ್ಚಿದಾಗಲೇ ಟರ್ಬೊದ ಶಾಫ್ಟನ್ನೂ ಅಲ್ಲಾಡಿಸಿ ನೋಡಿದೆವು. ಅಡ್ಡಕ್ಕೆ ತುಸು ಆಡಿದರೆ ತೊಂದರೆಯಿಲ್ಲ. ಹಿಂದೆ ಮುಂದೆ ಜಗ್ಗಿದರೆ, ಅಥವಾ ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ ಆಗ ಟರ್ಬೊ ಮಾತು ತೆಗೆಯಿರಿ.

ಕ್ಲಚ್ ಜಾರುವುದನ್ನೂ ಪಿಕಪ್ ಇಲ್ಲ ಎಂದೇ ಹೇಳುತ್ತಾರೆ. ವ್ಯತ್ಯಾಸ ಸುಲಭ. ಗಾಳಿ ಸೋರಿದರೆ ಆರ್‌ಪಿಎಂ ಮುಳ್ಳೂ ಏರುವುದಿಲ್ಲ, ವೇಗವೂ ಏರುವುದಿಲ್ಲ. ಕ್ಲಚ್ ಜಾರಿದರೆ ಮುಳ್ಳು ಏರುತ್ತದೆ, ವೇಗ ಅಲ್ಲೇ ನಿಲ್ಲುತ್ತದೆ, ಜೊತೆಗೆ ಸುಟ್ಟ ವಾಸನೆ. ಬೆಳಿಗ್ಗೆ ರಿವರ್ಸ್ ಗೇರ್ ಕರಕರ ಎಂದು ಬೀಳುತ್ತಿದ್ದರೆ ಗೇರ್‌ಬಾಕ್ಸ್ ಇಳಿಸುವ ಮೊದಲು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಬಹಳ ಕಾರುಗಳಲ್ಲಿ ಕ್ಲಚ್ಚಿಗೂ ಅದರಿಂದಲೇ ಆಯಿಲ್ ಹೋಗುತ್ತದೆ. ನನ್ನದರಲ್ಲಿ ಲೈನಿನಲ್ಲಿ ಗಾಳಿ ಸೇರಿತ್ತು, ಬ್ಲೀಡ್ ಮಾಡಿಸಿ ಅದನ್ನು ಹೊರಗೆ ತೆಗೆಸಿದ ಮೇಲೆ ಗೇರು ಮೆತ್ತಗಾಯಿತು.

ಮಾಗಿಯ ಚಳಿಯಲ್ಲಿ ಶಿರಸಿಯಲ್ಲಿ ಗಾಡಿ ಬೇಗ ಸ್ಟಾರ್ಟ್ ಆಗದಿದ್ದಾಗ ಎಲ್ಲರೂ ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ಇಂಜಿನ್ನಿನ ಒಳಗನ್ನು ಬಿಸಿ ಮಾಡುವ ಹೀಟರ್) ಹೋಗಿದೆ ಎನ್ನುತ್ತಾರೆ. ನಮ್ಮ ಚಳಿ ಅಷ್ಟು ದೊಡ್ಡದಲ್ಲ, ಬ್ಯಾಟರಿ ಮೊದಲು ಅಳೆಯಿರಿ: ನಿಂತಾಗ 12.6 ವೋಲ್ಟ್, ಇಂಜಿನ್ ಓಡುವಾಗ 14ರ ಹತ್ತಿರ. ಬ್ಯಾಟರಿ ಸರಿಯಿದ್ದೂ ಸೆಲ್ಫ್ ನಿಧಾನ ತಿರುಗಿದರೆ ಬಾಡಿಗೆ ಕೂಡಿಸಿದ ಅರ್ಥಿಂಗ್ ವೈರಿನ ಬುಡ ನೋಡಿ. ಕಡಲಿನ ಉಪ್ಪುಗಾಳಿ ತಿನ್ನುವುದು ಅಲ್ಲೇ. ಬಿಚ್ಚಿ, ಉಜ್ಜುಕಾಗದ ಹಾಕಿ, ವ್ಯಾಸಲೀನ್ ಸವರಿ ಕೂರಿಸಿದರೆ ಎಷ್ಟೋ ಕಾರಿನ ಮಂಕು ಹೆಡ್‌ಲೈಟೂ ಸರಿಯಾಗುತ್ತದೆ. ಅಡಿಕೆ ಅಟ್ಟದ ಕೆಳಗೆ ಕಾರು ನಿಲ್ಲಿಸುವವರು ಇಂಜಿನ್ ಲೈಟ್ ಹೊತ್ತಿದರೆ ಮೊದಲು ಇಲಿ ಕಡಿದ ವೈರ್ ಹುಡುಕಲಿ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹಿಂದಿನ ಡ್ರಮ್ ತುಕ್ಕು ಹಿಡಿದು ಅಂಟುತ್ತದೆ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಆಯಿಲ್ ವಿಷಯದಲ್ಲಿ ಮಾತ್ರ ನಾನು ಜಿಪುಣತನ ಮಾಡುವುದಿಲ್ಲ. ಮ್ಯಾನುವಲ್ ಹೇಳಿದ ದರ್ಜೆಯದೇ, ವರ್ಷಕ್ಕೊಮ್ಮೆ ಅಥವಾ 10,000 ಕಿಲೋಮೀಟರಿಗೆ. ಟರ್ಬೊದ ಬೇರಿಂಗ್ ತೇಲುವುದು ಈ ಆಯಿಲಿನಲ್ಲೇ. ಘಟ್ಟ ಹತ್ತಿ ಮೇಲೆ ಬಂದು ನಿಲ್ಲಿಸುವವರು ತಕ್ಷಣ ಬಂದ್ ಮಾಡದೆ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ, ಕಾದ ಬೇರಿಂಗಿನಲ್ಲಿ ಆಯಿಲ್ ಸುಟ್ಟು ಕರಿಯಾಗುವುದು ತಪ್ಪುತ್ತದೆ.

2012ರ ಕಾರಿಗೆ 15 ವರ್ಷ ತುಂಬುವುದು 2027ರಲ್ಲಿ. ಆರ್‌ಸಿ ನವೀಕರಣದ ಖರ್ಚು ಕೊಳ್ಳುವವರ ಲೆಕ್ಕದಲ್ಲಿರಲಿ. ಟೆಸ್ಟ್ ಡ್ರೈವ್ ಪೇಟೆಯೊಳಗೆ ಮುಗಿಸಬೇಡಿ. ನಾಲ್ಕು ಜನ ಕುಳಿತು, ಎಸಿ ಹಾಕಿ, ದೇವಿಮನೆಯೋ ಅರಬೈಲೋ ಘಟ್ಟ ಹತ್ತಿಸಿ. ಮಾರುವವರು ಒಪ್ಪದಿದ್ದರೆ ಬೇರೆ ಗಾಡಿ ನೋಡಿ. ಮೇಲೆ ಬಂದ ಮೇಲೆ ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ಸಡಿಲಿಸಿ. ತೆಳ್ಳಗೆ ಆವಿ ಬಂದರೆ ಅಡ್ಡಿಯಿಲ್ಲ. ಹೊಗೆ ಬುಸುಬುಸು ಉಗುಳಿ ಮುಚ್ಚಳ ಕುಣಿದರೆ ಪಿಸ್ಟನ್ ರಿಂಗ್ ಸವೆದಿರುವ ಸಂಭವ ಹೆಚ್ಚು. ಅದಕ್ಕೆ ಇಂಜಿನ್ನೇ ಬಿಚ್ಚಬೇಕು, ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ.