ಆರು ವರ್ಷ ಡೆಬಿಯನ್, ನಡುವೆ ಒಂದು ವರ್ಷ ಟ್ರಿಸ್ಕೆಲ್: ಬೆಟಗೇರಿಯ ಡಿಟಿಪಿ ಅಂಗಡಿಯ ಅನುಭವ

ಬೆಟಗೇರಿಯಲ್ಲಿ ನಮ್ಮದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಅರ್ಜಿ, ಸಂಘಗಳ ವರದಿ, ಇಷ್ಟೇ ಕೆಲಸ. ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಊರು. ಒತ್ತಕ್ಷರ ಸ್ವಲ್ಪ ಜಾರಿದರೂ ಗಿರಾಕಿ ಬೆರಳಿಟ್ಟು ತೋರಿಸುತ್ತಾರೆ. 2019ರಲ್ಲಿ ಅಂಗಡಿಯ ಕಂಪ್ಯೂಟರಿಗೆ ಡೆಬಿಯನ್ 10 ಹಾಕಿದೆ. ಇದು ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ. ಈಗ ಅದೇ ಯಂತ್ರದಲ್ಲಿ 13 ಓಡುತ್ತಿದೆ. ನಡುವೆ ಒಮ್ಮೆಯೂ ಫಾರ್ಮ್ಯಾಟ್ ಮಾಡಿಲ್ಲ.

ಮೊದಲ ದಿನವೇ ತೊಡಕು ಬಂತು. ವೈಫೈ ಕಾರ್ಡಿಗೆ ಬೇಕಾದ ಫರ್ಮ್‌ವೇರ್ (ಆ ಕಾರ್ಡಿನೊಳಗೆ ಓಡುವ ಸಣ್ಣ ಸಾಫ್ಟ್‌ವೇರ್) ಫೈಲ್ ಇಲ್ಲ, ಪೆನ್‌ಡ್ರೈವಿನಲ್ಲಿ ಕೊಡಿ ಎಂದು ಇನ್‌ಸ್ಟಾಲರ್ ಕೇಳಿತು. ಆ ಫೈಲ್ ತರಲು ನೆಟ್ ಬೇಕು, ನೆಟ್ ಬರಲು ಆ ಫೈಲ್ ಬೇಕು! ಕೊನೆಗೆ ಮೊಬೈಲನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ, ಅದರ ನೆಟ್ಟಿನಲ್ಲೇ ಇನ್‌ಸ್ಟಾಲ್ ಮುಗಿಸಿದೆ. ಹೊಸಬರಿಗೆ ಇವತ್ತಿಗೂ ಇದೇ ಉಪಾಯ ಹೇಳುತ್ತೇನೆ.

ಅವತ್ತು ಸಿಟ್ಟು ಬಂದಿತ್ತು. ಕಾರಣ ಓದಿದ ಮೇಲೆ ಗೌರವ ಬಂತು. ಮೂಲ ಕೋಡ್ ನೋಡಲು, ತಿದ್ದಲು, ಹಂಚಲು ಬಿಡುವ ಸಾಫ್ಟ್‌ವೇರ್ ಮಾತ್ರ ಡೆಬಿಯನ್ನಿನ ಮುಖ್ಯ ಭಾಗ ಎಂದು ಅದನ್ನು ತಯಾರಿಸುವವರು 1997ರಲ್ಲೇ ಬರೆದುಕೊಂಡಿದ್ದಾರೆ. ಉಳಿದದ್ದು, ನನ್ನ ವೈಫೈ ಫರ್ಮ್‌ವೇರಿನಂಥದ್ದು, 'ನಾನ್-ಫ್ರೀ' (ಮುಕ್ತವಲ್ಲದ್ದು) ಎಂಬ ಬೇರೆ ಕಪಾಟಿನಲ್ಲಿ. ಆ ಕಪಾಟು ಇಟ್ಟುಕೊಂಡಿದ್ದಕ್ಕೇ ಮುಕ್ತ ಸಾಫ್ಟ್‌ವೇರಿನ ಪರ ಕೆಲಸ ಮಾಡುವ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ತನ್ನ ಪೂರ್ತಿ ಮುಕ್ತ ಡಿಸ್ಟ್ರೋಗಳ (ಡೆಬಿಯನ್ನಿನಂಥ ಲಿನಕ್ಸ್ ಸಿಸ್ಟಂಗಳ) ಪಟ್ಟಿಯಲ್ಲಿ ಡೆಬಿಯನ್ನನ್ನು ಸೇರಿಸಿಲ್ಲ. ಟ್ರಿಸ್ಕೆಲ್ ಎಂಬ ಇನ್ನೊಂದು ಡಿಸ್ಟ್ರೋ ಆ ಪಟ್ಟಿಯಲ್ಲಿದೆ.

ಹಾಗಾದರೆ ಅದನ್ನೂ ನೋಡೋಣ ಎಂದು 2023ರಲ್ಲಿ ಮನೆಯ ಲ್ಯಾಪ್‌ಟಾಪಿಗೆ ಟ್ರಿಸ್ಕೆಲ್ 11 ಹಾಕಿದೆ. ಒಂದು ವರ್ಷ ಅದರಲ್ಲೇ ಕೆಲಸ ಮಾಡಿದೆ. ನೋಡಲು ಸರಳ, ಹಳೆಯ ಯಂತ್ರದಲ್ಲೂ ಹಗುರ. ಆದರೆ ಮುಚ್ಚಿದ ಫರ್ಮ್‌ವೇರ್ ಅದರಲ್ಲಿಲ್ಲ, ಹಾಗಾಗಿ ಒಳಗಿನ ವೈಫೈ ಏನು ಮಾಡಿದರೂ ಏಳಲಿಲ್ಲ. ಅಥೆರೋಸ್ ಎಆರ್9271 ಚಿಪ್ ಇರುವ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ವೈಫೈ ಸಾಧನ) ಹುಡುಕಿಕೊಂಡು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಗೆ ಹೋದೆ. "ಚಿಪ್ ನಂಬರ್ ಯಾರೂ ಕೇಳೂದಿಲ್ರೀ ಸರ್" ಎಂದರು ಅಂಗಡಿಯವರು. ಮೂರನೆಯ ಅಂಗಡಿಯಲ್ಲಿ ಸಿಕ್ಕಿತು. ಚುಚ್ಚಿದ ಕೂಡಲೇ ನೆಟ್ ಬಂತು. ವೇಗ ಕಡಿಮೆ, 2.4 ಗಿಗಾಹರ್ಟ್ಸ್ ಮಾತ್ರ. ಆದರೆ ಅದರ ಫರ್ಮ್‌ವೇರಿನ ಮೂಲ ಕೋಡ್ 2013ರಿಂದ ಎಲ್ಲರಿಗೂ ತೆರೆದಿದೆ. ಡೆಬಿಯನ್ನಿನ ಮುಖ್ಯ ಭಾಗದಲ್ಲೂ ಇದೆ.

ಈ ಡಾಂಗಲ್ ನನ್ನ ಒಂದು ಅಭಿಪ್ರಾಯವನ್ನೇ ಬದಲಿಸಿತು. ಫರ್ಮ್‌ವೇರ್ ಚಿಪ್ಪಿನೊಳಗೇ ಬರೆದು ಬಂದಿದ್ದರೆ ಅದನ್ನು ಯಂತ್ರದ ಭಾಗ ಎಂದುಕೊಳ್ಳಬಹುದು, ಡಿಸ್ಕಿನಿಂದ ಲೋಡ್ ಆಗುವ ಫೈಲಾದರೆ ಹಂಚಬಾರದು ಎಂಬುದು ಪೂರ್ತಿ ಮುಕ್ತ ಪಕ್ಷದವರ ವಾದ. ಮೊದಲು ನನಗೂ ಸರಿ ಎನ್ನಿಸಿತ್ತು. ಈಗ ತಿರುಗಿ ಯೋಚಿಸಿ. ಫೈಲಾಗಿ ಬರುವುದನ್ನು ಒಂದು ದಿನ ತೆಗೆದು ಮುಕ್ತವಾದದ್ದನ್ನು ಹಾಕಬಹುದು. ಚಿಪ್ಪಿನೊಳಗೆ ಕೂತದ್ದನ್ನು ಕೀಳುವವರು ಯಾರು? ಬದಲಿಸಲು ದಾರಿ ಇರುವುದನ್ನು ಹೊರಗಿಟ್ಟು, ದಾರಿಯೇ ಇಲ್ಲದ್ದನ್ನು ಒಪ್ಪಿಕೊಂಡಂತಾಗುತ್ತದೆ ಅಲ್ವಾ?

ಇನ್ನೊಂದು ಚಿಂತೆಯೂ ಇತ್ತು. 2018ರಲ್ಲಿ ಪ್ರೊಸೆಸರುಗಳಲ್ಲಿನ ಸ್ಪೆಕ್ಟರ್ ಎಂಬ ಭದ್ರತಾ ದೋಷ ಬಯಲಾದಾಗ ದುರಸ್ತಿಯ ಒಂದು ಪಾಲು ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ಫರ್ಮ್‌ವೇರ್) ಮೂಲಕ ಬಂತು. ಅದು ಮುಚ್ಚಿದ ಕೋಡ್. ಟ್ರಿಸ್ಕೆಲ್ ಅದನ್ನು ಕೊಡುವುದಿಲ್ಲ. ನನ್ನ ಸ್ವಂತ ಲ್ಯಾಪ್‌ಟಾಪಿಗೆ ನಡೆದೀತು. ಗಿರಾಕಿಗಳ ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಆಗುವ ಅಂಗಡಿಯ ಯಂತ್ರಕ್ಕೆ ನನಗೆ ಧೈರ್ಯ ಬರಲಿಲ್ಲ. ಅಲ್ಲಿ ಡೆಬಿಯನ್ನೇ ಉಳಿಯಿತು.

ಕನ್ನಡದ ಕೆಲಸಕ್ಕೆ ಎರಡೂ ಒಂದೇ. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಸಿಗುತ್ತವೆ. ಟೈಪ್ ಮಾಡಲು ಬಳಸುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸ ಇದೆ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿ ಇದ್ದವರು ಹೊಸದಾಗಿ ಕಲಿಯಬೇಕಿಲ್ಲ. ಲಗ್ನಪತ್ರಿಕೆಗೆ ಇಂಕ್‌ಸ್ಕೇಪ್ ಎಂಬ ವಿನ್ಯಾಸದ ತಂತ್ರಾಂಶ ಸಾಕು. ಯೂನಿಕೋಡ್ ಅಲ್ಲದ ಹಳೆಯ ಫೈಲುಗಳನ್ನು ಮಾತ್ರ ಪರಿವರ್ತಿಸಿಕೊಳ್ಳಬೇಕು.

ಪ್ರಿಂಟರ್ ವಿಷಯದಲ್ಲಿ ಬಹಳ ಅನುಭವಿಸಿದ್ದೇನೆ. ನಮ್ಮ ಹಳೆಯ ಲೇಸರ್ ಪ್ರಿಂಟರಿಗೆ ಕಂಪನಿಯ ಮುಚ್ಚಿದ ಡ್ರೈವರೇ ಬೇಕು. ಜೂನ್ ತಿಂಗಳು, ಶಾಲೆ ಶುರುವಾಗುವ ಹೊತ್ತು, ಅಪ್‌ಡೇಟ್ ಆದ ಮರುದಿನ ಅದು ನಿಂತೇ ಹೋಯಿತು. ಎರಡು ದಿನ ಪಕ್ಕದ ಝೆರಾಕ್ಸ್ ಅಂಗಡಿಯವರ ಕೈಕಾಲು ಹಿಡಿದು ಕೆಲಸ ತೆಗೆದೆ. ಅಮೆರಿಕದ ಎಂಐಟಿಯ ಲ್ಯಾಬಿನಲ್ಲಿ ಪ್ರಿಂಟರಿನ ಮೂಲ ಕೋಡ್ ಸಿಗದೆ ಹೋದದ್ದೇ ತನ್ನನ್ನು ಈ ದಾರಿಗೆ ಎಳೆಯಿತು ಎಂದು ಮುಕ್ತ ಸಾಫ್ಟ್‌ವೇರ್ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ಹೇಳುತ್ತಾರಲ್ಲ, ಅದು ಆ ಎರಡು ದಿನದಲ್ಲಿ ಚೆನ್ನಾಗಿ ಅರ್ಥವಾಯಿತು. ಈಗಿನ ಪ್ರಿಂಟರ್ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣದ ಭಾಷೆ ತಿಳಿಯುವಂಥದ್ದು. ಬೆಲೆ ಜಾಸ್ತಿ ಆಯಿತು, ಆದರೆ ಕಂಪನಿಯ ಒಂದು ಫೈಲೂ ಬೇಕಿಲ್ಲ.

ಫರ್ಮ್‌ವೇರ್ ಬಗ್ಗೆ ಡೆಬಿಯನ್ನಿನವರು 2022ರಲ್ಲಿ ಮತ ಹಾಕಿ ತೀರ್ಮಾನಿಸಿದರು. ಜೂನ್ 2023ರ ಡೆಬಿಯನ್ 12ರಿಂದ ಇನ್‌ಸ್ಟಾಲರಿನಲ್ಲೇ ಅದು ಬರುತ್ತದೆ, ಅದಕ್ಕೆಂದೇ 'ನಾನ್-ಫ್ರೀ-ಫರ್ಮ್‌ವೇರ್' ಎಂಬ ಬೇರೆ ಕಪಾಟೂ ಆಯಿತು. ಈ ತೀರ್ಮಾನ ಸರಿ ಎಂದೇ ನನ್ನ ಮಾತು. ಮೊದಲ ದಿನವೇ ವೈಫೈ ಬಾರದೆ ಹಿಂದೆ ಸರಿದ ಹುಡುಗ ಮತ್ತೆ ಲಿನಕ್ಸ್ ಕಡೆ ತಲೆ ಹಾಕುವುದಿಲ್ಲ. ಒಂದೇ ದೂರು: ಬೇಕಾದ ಫರ್ಮ್‌ವೇರನ್ನು ಇನ್‌ಸ್ಟಾಲರ್ ಕೇಳದೆ ತಾನೇ ಹಾಕಿಬಿಡುತ್ತದೆ. ಬೇಡ ಎನ್ನುವವರು ಬೂಟ್ ಆಗುವಾಗಲೇ 'ಫರ್ಮ್‌ವೇರ್=ನೆವರ್' ಎಂದು ಇಂಗ್ಲಿಷಿನಲ್ಲಿ ಬರೆಯಬೇಕು. ಇದು ಗೊತ್ತಿರುವವರು ಎಷ್ಟು ಜನ? ನಿಮ್ಮ ಈ ಕಾರ್ಡಿಗೆ ಮುಚ್ಚಿದ ಫೈಲ್ ಬೇಕು, ಹಾಕಲೇ ಎಂದು ಪರದೆ ಮೇಲೆ ಒಂದು ಸಾಲು ಕೇಳಿದ್ದರೆ ಸಾಕಿತ್ತು.